ದನಿ ಹೋದ ಮೇಲೆ ಮಂಗಾಸಿ

ತೋಬಾ ಸರೋವರದ ದಂಡೆಯ ನಮ್ಮ ಊರಲ್ಲಿ ಹಾಡಲು ಬಾರದವರು ಯಾರೂ ಇಲ್ಲ. ಅಂಥ ಊರಲ್ಲೂ ಮಂಗಾಸಿಯ ದನಿ ಎಂದರೆ ಜನ ಕೆಲಸ ಬಿಟ್ಟು ಕೇಳುತ್ತಿದ್ದರು. ದೋಣಿಗಳ ಎಂಜಿನ್ ರಿಪೇರಿ ಅವನ ಕಸುಬು. ಶನಿವಾರ ಸಂಜೆ ಕಳ್ಳಿನಂಗಡಿಯಲ್ಲಿ ಗಿಟಾರ್ ಹಿಡಿದವರ ನಡುವೆ ಕೂತು ಹಾಡುವನು, ಭಾನುವಾರ ಬೆಳಿಗ್ಗೆ ಚರ್ಚಿನ ಗಾಯನವೃಂದದ ಮುಂದಿನ ಸಾಲಲ್ಲಿ ನಿಂತು ಹಾಡುವನು. "ಈ ಗಂಟಲು ನನ್ನದಲ್ಲ, ಕರ್ತನಿಗೆ ಕೊಟ್ಬಿಟ್ಟಿದೀನಿ" ಎಂದು ಎರಡೂ ಕಡೆ ಹೇಳುವನು. ನಾನು ಅವನ ಹಿಂದಿನ ಸಾಲಿನವನು, ತಗ್ಗು ದನಿಯಲ್ಲಿ ಹಾಡುವ ಗುಂಪಿನವನು.

ಕೊಟ್ಟುಬಿಟ್ಟವನ ಹಾಗೇನೂ ಅವನು ನಡೆದುಕೊಳ್ಳುತ್ತಿರಲಿಲ್ಲ. ಯಾರಾದರೂ ಸ್ವರ ತಪ್ಪಿದರೆ ತಿರುಗಿ ದುರುಗುಟ್ಟುತ್ತಿದ್ದ. ಒಂದು ಕ್ರಿಸ್ಮಸ್‌ಗೆ ಒಬ್ಬರೇ ಹಾಡುವ ಭಾಗವನ್ನು ಚರ್ಚಿನ ಸಭಾಪಾಲಕರು ಬಿನ್ಸಾರನಿಗೆ ಕೊಟ್ಟರು. ಬಿನ್ಸಾರ್ ಮೀನು ಹಿಡಿಯುವವನು, ಮಂಗಾಸಿಯ ಪಕ್ಕದ ಮನೆಯವನು, ಸಾಧು ಮನುಷ್ಯ. ಅವನ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಮಂಗಾಸಿ ಪುಸ್ತಕ ಮಡಚಿ ಹೊರಟುಹೋದ. ಆವತ್ತಿನಿಂದ ಮಾತೂ ಬಿಟ್ಟ. ಎಂಜಿನ್ ಕೆಟ್ಟರೆ ಬಿನ್ಸಾರ್ ಅದನ್ನು ಬೇರೆ ಊರಿಗೆ ಹೊತ್ತೊಯ್ಯಬೇಕಾಗಿತ್ತು.

ಆಮೇಲೆ ಮಂಗಾಸಿಯ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಮೇದಾನ್ ನಗರದ ಆಸ್ಪತ್ರೆಗೆ ಹೋಗುವ ಮುಂಚೆ ಅವನು ದೇವರಿಗೆ ಮಾತು ಕೊಟ್ಟ: ದನಿ ಉಳಿಸು, ಕಳ್ಳು ಬಿಡುತ್ತೇನೆ, ಬಿನ್ಸಾರನನ್ನೂ ಮಾತಾಡಿಸುತ್ತೇನೆ. ವೈದ್ಯರು ಗಂಟಿನ ಜೊತೆ ಧ್ವನಿತಂತುಗಳನ್ನೂ ಬಹುಪಾಲು ತೆಗೆದುಹಾಕಿದರು. ಉಳಿದದ್ದು ಒಂದು ಒರಟು ಪಿಸುಮಾತು.

ಊರಿಗೆ ಬಂದವನು ಚರ್ಚಿನ ಕಡೆ ತಲೆ ಹಾಕಲಿಲ್ಲ. ಕಳ್ಳು ಹೆಚ್ಚಾಯಿತು. "ಅವನು ತನ್ನ ಪಾಲಿನದು ಮಾಡ್ಲಿಲ್ಲ. ನಾನ್ಯಾಕೆ ಮಾಡ್ಲಿ?" ಎಂದು ನನ್ನ ಕಿವಿಯ ಹತ್ತಿರ ಬಂದು ಕೇಳಿದ್ದ.

ಒಂದು ದಿನ ಊಟಕ್ಕೆ ಬಡಿಸುತ್ತಾ ಹೆಂಡತಿ ತಿಯೋಲಿನಾ ಹೇಳಿದಳಂತೆ: "ರೂತಳ ಅಪ್ಪ, ಗಂಟಲು ಕರ್ತನಿಗೆ ಕೊಟ್ಟಿದೀನಿ ಅಂತ ಊರೆಲ್ಲಾ ಹೇಳ್ಕೊಂಡು ತಿರುಗಿದ್ರಿ. ನಿಜವಾಗ್ಲೂ ಕೊಟ್ಟಿದ್ರೆ, ಅವನು ತಗೊಂಡಾಗ ಇಷ್ಟು ಸಿಟ್ಟು ಬರ್ತಿತ್ತಾ?"

ಮಂಗಾಸಿ ತಟ್ಟೆ ತಳ್ಳಿ ಎದ್ದ. ಆದರೆ ಆ ಮಾತು ಅವನನ್ನು ಬಿಡಲಿಲ್ಲ.

ಮಳೆಗಾಲದ ಕೊನೆಗೆ ಬಿನ್ಸಾರನ ತಾಯಿ ತೀರಿಕೊಂಡಳು. ಮಂಗಾಸಿಯನ್ನು ಎತ್ತಿ ಆಡಿಸಿದ ಮುದುಕಿ, ಹೋಗದಿರುವಂತಿರಲಿಲ್ಲ. ಅವನು ಅಂಗಳದಲ್ಲಿ ಸಾವಿನ ಮನೆಯ ಊಟಕ್ಕೆಂದು ಹಂದಿಮಾಂಸ ಬೇಯುತ್ತಿದ್ದ ಕಡಾಯಿಗಳ ಪಕ್ಕ ನಿಂತ. ಒಳಗೆ ನಾವು ಶವಪೆಟ್ಟಿಗೆಯ ಸುತ್ತ ನಿಂತು ಹಾಡಲು ಶುರುಮಾಡಿದೆವು. ಅಭ್ಯಾಸಬಲದಿಂದ ಅವನೂ ಬಾಯಿ ತೆರೆದ. ದನಿ ಬರಲಿಲ್ಲ.

ಆಮೇಲೇನಾಯಿತೆಂದು ಅವನೇ ನನಗೆ ಹೇಳಿದ. ನಮ್ಮಲ್ಲಿ ಗಂಡಸರು ಒಬ್ಬರನ್ನೊಬ್ಬರು ಲಾಯೆ, ಅಂದರೆ ಭಾವ, ಎಂದು ಕರೆಯುವುದು ವಾಡಿಕೆ. "ಇಷ್ಟು ವರ್ಷ ನಿಮ್ಮ ಜೊತೆ ಹಾಡಿದೀನಿ ಲಾಯೆ, ನಿಮ್ಮ ತಪ್ಪು ಬಿಟ್ರೆ ನಿಮ್ಮ ಹಾಡು ಒಂದಿನಾನೂ ನನ್ನ ಕಿವಿಗೆ ಬಿದ್ದಿರ್ಲಿಲ್ಲ. ಆವತ್ತು ಬಿತ್ತು. ನಾನಿಲ್ದೇನೇ ಹಾಡು ತುಂಬಿಕೊಂಡಿತ್ತು. ಮೊದ್ಲು ಹೊಟ್ಟೆ ಉರೀತು. ಆಮೇಲೆ ಅಳು ಬಂತು. 'ಕರ್ತನೇ, ದನಿ ನೀನೇ ಇಟ್ಕೋ, ನನ್ನನ್ನೂ ಇಟ್ಕೋ' ಅಂದೆ. ಅದಕ್ಕೆ ಬದಲಾಗಿ ನಾನೇನೂ ಬೇಡ್ಲಿಲ್ಲ."

ಮಣ್ಣು ಮಾಡಿ ಮುಗಿದ ಮೇಲೆ ಅವನು ಬಿನ್ಸಾರನ ಎದುರು ಹೋಗಿ ನಿಂತ.

"ಲಾಯೆ, ಆ ಕ್ರಿಸ್ಮಸ್ ದಿನ ನೀನು ಚೆನ್ನಾಗಿ ಹಾಡ್ದೆ. ಅದಕ್ಕೇ ನಾನು ಎದ್ದು ಹೋಗಿದ್ದು. ತಪ್ಪಾಯ್ತು."

ಬಿನ್ಸಾರ್ ಕಿವಿ ಮುಂದೆ ಮಾಡಿದ. "ಏನಂದೆ?"

ಮಂಗಾಸಿ ಕಷ್ಟಪಟ್ಟು ಮತ್ತೆ ಹೇಳಿದ.

"ಇನ್ನೊಂದ್ಸಲ ಹೇಳು."

"ಕೇಳಿಸ್ತಿಲ್ವಾ?"

"ಮೊದ್ಲನೇ ಸಲಾನೇ ಕೇಳಿಸ್ತು. ಕೇಳೋಕೆ ಹಿತವಾಗಿತ್ತು, ಅದಕ್ಕೆ" ಎಂದ ಬಿನ್ಸಾರ್. ಅತ್ತು ಕೆಂಪಾಗಿದ್ದ ಅವನ ಕಣ್ಣಲ್ಲಿ ನಗು ಇತ್ತು. "ಬಾ, ಊಟ ಮಾಡು. ನನ್ನ ಎಂಜಿನ್ ಹೊಗೆ ಕಾರ್ತಿದೆ, ನಾಳೆ ನೋಡು."

ಮುಂದಿನ ಭಾನುವಾರ ಬಿನ್ಸಾರನೇ ಅವನನ್ನು ಕರೆತಂದು ಸಾಲಲ್ಲಿ ತನ್ನ ಪಕ್ಕ ನಿಲ್ಲಿಸಿಕೊಂಡ. "ಹಾಡಕ್ಕಾಗ್ದೋರು ಇಲ್ಲಿ ನಿಂತು ಏನ್ಮಾಡ್ತಾರೆ?" ಎಂದು ಹಾಡು ಕಲಿಸುವ ಮೇಷ್ಟ್ರು ಗೊಣಗಿದರು. "ಕೇಳಿಸ್ಕೋತೀನಿ ಗುರುಗಳೇ" ಎಂದ ಮಂಗಾಸಿ.

ಅವನೇನೂ ಸಂತನಾಗಲಿಲ್ಲ. ಎಂಜಿನ್ನಿಗೆ ಕೆಟ್ಟ ಎಣ್ಣೆ ಹಾಕಿದವರನ್ನು ಪಿಸುದನಿಯಲ್ಲೇ ಹಿಗ್ಗಾಮುಗ್ಗಾ ಬೈಯುತ್ತಿದ್ದ. ಬೈದ ಮೇಲೆ ಮಾತ್ರ ತಾನೇ ಅವರ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದ, ಅದು ಹೊಸದು. ಕಳ್ಳು ಬಿಟ್ಟಿದ್ದ. ಯಾರಿಗೂ ಹೇಳಿರಲಿಲ್ಲವಾದ್ದರಿಂದ ನಮಗೆ ತಿಳಿಯಲು ಬಹಳ ದಿನ ಹಿಡಿಯಿತು.

ಕಳೆದ ವರ್ಷ ಗಂಟು ಮತ್ತೆ ಬಂತು. ಮೇದಾನ್ ಆಸ್ಪತ್ರೆಗೆ ಹೊರಟವನನ್ನು ಬಸ್ ಹತ್ತಿಸಲು ಹೋದಾಗ, ಈ ಸಲ ದೇವರಿಗೆ ಏನು ಮಾತು ಕೊಟ್ಟೆ ಎಂದು ಕೇಳಿದೆ.

"ಏನೂ ಇಲ್ಲ. ಹೆದರಿಕೆ ಆಗ್ತಿದೆ ಅಂದೆ. ನಿನ್ನಿಷ್ಟ ಅಂದೆ."

ಜೊತೆಗೆ ಹೋಗಲು ತಿಯೋಲಿನಾ ಇದ್ದಳು, ಬಲೆ ಸುತ್ತಿಟ್ಟು ಬಂದ ಬಿನ್ಸಾರನೂ ಇದ್ದ. ಮಂಗಾಸಿ ಆಸ್ಪತ್ರೆಯಿಂದ ತೀರಾ ಸೊರಗಿ ಹಿಂದಿರುಗಿದ. ಈಗಲೂ ಭಾನುವಾರ ನನ್ನ ಮುಂದಿನ ಸಾಲಲ್ಲಿ ನಿಲ್ಲುತ್ತಾನೆ. ಹಾಡು ಉದ್ದವಾದರೆ ಬಿನ್ಸಾರ್ ಅವನ ತೋಳು ಹಿಡಿದುಕೊಂಡಿರುತ್ತಾನೆ.