ಅಜ್ಜಿ ಹೇಳದ ಹೆಸರು

ಮಹಾರಾಜರ ಕಾಲದ ಮಾತು. ನಮ್ಮ ಮಧುಗಿರಿ ಸೀಮೆಯಲ್ಲಿ ಆಗ ಯಾವ ಹೆಂಗಸೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂಬ ಭಯ. ಅದೇನು ಮಹಾ ಕಷ್ಟ ಅನ್ನಬಹುದು ನೀವು. ನಮ್ಮಜ್ಜಿಯ ಪಾಡು ನಿಮಗೆ ಗೊತ್ತಿಲ್ಲ. ನಮ್ಮ ತಾತನ ಹೆಸರು ಕರಿಯಣ್ಣ, ಅಜ್ಜಿಯೋ ಆ ಹೆಸರಿನ ನೆರಳು ಬಿದ್ದ ಮಾತನ್ನೂ ಆಡುತ್ತಿರಲಿಲ್ಲ.

ಕರಿಬೇವು ಅವಳ ಬಾಯಲ್ಲಿ ‘ಒಗ್ಗರಣೆ ಸೊಪ್ಪು’. ಕೊಟ್ಟಿಗೆಯ ಕರಿ ಹಸು ‘ಇದ್ಲು ಹಸ’. ಕೊರಳಿನ ಕರಿಮಣಿ ‘ಕತ್ತಿನ ಕಾಳು’. ಹಬ್ಬಕ್ಕೆ ಅವಳು ವಡೆ ಕರಿಯುತ್ತಿರಲಿಲ್ಲ, ‘ಎಣ್ಣೇಲಿ ಈಜಾಡುಸ್ತೀನಿ’ ಎನ್ನುತ್ತಿದ್ದಳು. ನನ್ನ ತಮ್ಮ ಹುಟ್ಟಿದ ವರ್ಷ ಅಮ್ಮ ನನ್ನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಹೋದಾಗ ನನಗೆ ಏಳು ವರ್ಷ. ಇದು ಈ ಊರಿನ ಭಾಷೆಯೇ ಇರಬೇಕೆಂದುಕೊಂಡು ನಾನೂ ಹಾಗೇ ಮಾತಾಡುವುದನ್ನು ಕಲಿತೆ.

ತಾತ ಮಹಾ ತುಂಟರು. ಜಗುಲಿಯಲ್ಲಿ ಕೂತು ಕಡ್ಲೆಕಾಯಿ ಸುಲಿಯುತ್ತಾ ಬೇಕೆಂದೇ ಕೆಣಕುವರು.

“ಲೇ, ಆ ಮೋಡ ಯಾವ್ ಬಣ್ಣ ಐತೆ ಹೇಳು ನೋಡಾನ?”

“ನಿಮ್ ಮಕದ ಬಣ್ಣ!”

ತಾತ ಕೆಮ್ಮು ಬರುವಷ್ಟು ನಗುವರು.

ಆ ವರ್ಷ ಮುಂಗಾರು ಬಿದ್ದ ಮೇಲೆ ಅವರು ಎತ್ತು ತರಲು ಪಾವಗಡದ ಕಡೆ ಹೋದರು. ‘ಹೆಣ್ ಮಗೀಗೆ ಅಕ್ಸರ ಯಾಕೆ’ ಎಂದು ಅದಾಗಲೇ ಎರಡು ಸಲ ಅಂದಿದ್ದರು. ಅವರು ಅತ್ತ ಹೋಗಿದ್ದೇ ತಡ, ಅಜ್ಜಿ ನನ್ನ ತಲೆಗೆ ಹರಳೆಣ್ಣೆ ಬಳಿದು, ಬಿಗಿಯಾಗಿ ಜಡೆ ಹೆಣೆದು, ಐ.ಡಿ.ಹಳ್ಳಿಯ ಶಾಲೆಗೆ ನಡೆಸಿಕೊಂಡು ಹೋದಳು.

ಮೇಷ್ಟ್ರು ಮೈಸೂರು ಕಡೆಯವರು, ಊರಿಗೆ ಹೊಸಬರು. “ಮನೆ ಯಜಮಾನರ ಹೆಸರೇನಮ್ಮ?” ಎಂದರು. ಅಜ್ಜಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು. ನನ್ನನ್ನು ಕೇಳಿದರು. “ತಾತ” ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

“ಹೆಸರಿಲ್ಲದೆ ಸೇರಿಸಿಕೊಳ್ಳೋಕಾಗಲ್ಲ. ಯಜಮಾನರನ್ನೇ ಕಳಿಸಿ” ಎಂದು ಪುಸ್ತಕ ಮುಚ್ಚಿದರು. ತಾತ ಬರುವುದೆಂದರೆ ನನ್ನ ಓದು ಅಲ್ಲಿಗೆ ಮುಗಿದ ಹಾಗೆ. ಅಜ್ಜಿ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು.

“ಒಸಿ ತಡ್ಕಳಿ ಸೋಮಿ. ಒಗ್ಗರಣೇಲಿ ಚಟಪಟ ಅನ್ನೋ ಬೇವು ಯಾವ್ದು?”

“ಕರಿಬೇವು.”

“ಮುತ್ತೈದೆ ಕತ್ತಿನಾಗಿರೋ ಮಣಿ?”

“ಕರಿಮಣಿ.”

“ಎಲ್ಡ್ರಲ್ಲೂ ಮುಂದ್ಲುದ್ನ ಇಟ್ಕಳಿ, ಹಿಂದ್ಲುದ್ನ ಬಿಸಾಕಿ. ಅದ್ರ ಪಕ್ಕಕ್ಕೆ ನನ್ ಒಡಹುಟ್ದೋನ್ನ ತಂದು ನಿಲ್ಸಿ. ಅವ್ನು ನನ್ಗಿಂತ ದೊಡ್ಡೋನು.”

ಮೇಷ್ಟ್ರು ತುಟಿ ಅಲ್ಲಾಡಿಸಿದರು. “ಕರಿ... ಅಣ್ಣ... ಕರಿಯಣ್ಣ!” ಎಂದು ಮೇಜು ತಟ್ಟಿ ನಕ್ಕರು. “ನೀವೇ ಪಾಠ ಹೇಳಿ ತಾಯಿ, ನಾನು ಕೂತು ಕಲೀತೀನಿ” ಎನ್ನುತ್ತಾ ಪುಸ್ತಕ ತೆರೆದು ಬರೆದುಕೊಂಡರು. ತಾತನ ಹೆಸರೂ ಒಗ್ಗರಣೆ ಸೊಪ್ಪಿನ ಗುಟ್ಟೂ ನನಗೆ ತಿಳಿದದ್ದು ಆಗಲೇ. ಒಂದಕ್ಷರ ಬಾರದ ಅಜ್ಜಿಯ ಮೇಲೆ ಅವತ್ತು ಹುಟ್ಟಿದ ಹೆಮ್ಮೆ ಇನ್ನೂ ಇಳಿದಿಲ್ಲ.

ಹೊಸ ಎತ್ತುಗಳೊಂದಿಗೆ ಬಂದ ತಾತ ಗುಡುಗಿದರು. “ನನ್ ಕೇಳ್ದೆ ಸೇರ್ಸಿದ್ದೂ ಅಲ್ದೆ, ನನ್ ಹೆಸ್ರೂ ಹೇಳ್ಬುಟ್ಯಾ?”

“ನಾನ್ಯಾಕೇಳ್ಲಿ? ಮೇಷ್ಟ್ರ ಬಾಯಾಗೆ ಹೇಳಿಸ್ದೆ.”

ತಾತ ಬೈಯಲು ಬಾಯಿ ತೆರೆದವರು ನಕ್ಕುಬಿಟ್ಟರು. ಮಾರನೆಯ ದಿನ ಬಳಪ ತಂದುಕೊಟ್ಟವರೂ ಅವರೇ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ತಾತ ಜ್ವರ ಬಂದು ಹೋಗಿಬಿಟ್ಟರು. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಜ್ಜಿ ಒಲೆ ಹಚ್ಚಿ ಹುರುಳಿ ಸಾರಿಗೆ ಇಟ್ಟಳು. ಅವಳ ಕತ್ತು ಬರಿದಾಗಿತ್ತು. ತಲೆಯೆತ್ತದೆ ಹೇಳಿದಳು:

“ಹಿತ್ಲಿಗೋಗಿ ಎಲ್ಡ್ ಎಸಳು ಕರಿಬೇವು ಕಿತ್ಕಂಬಾ.”

ನಾನು ಬೆಚ್ಚಿಬಿದ್ದೆ. “ಅಜ್ಜೀ, ಅಂಗನ್ಬ್ಯಾಡ!”

“ಇನ್ಯಾರ ಆಯಸ್ಸು ಕಾಯ್ಲವ್ವಾ?”

ಹಿತ್ತಲಿನ ಗಿಡದ ಹತ್ತಿರ ನಿಂತು ಅತ್ತೆ. ತಾತ ಸತ್ತದ್ದು ನನಗೆ ನಿಜವಾಗಿ ತಿಳಿದದ್ದು ಆಗ. ಆಮೇಲೆ ಅಜ್ಜಿ ಬಹಳ ವರ್ಷ ಬದುಕಿದಳು. ಕರಿ ಹಸುವನ್ನು ಕರಿ ಹಸು ಎಂದೇ ಅಂದಳು, ವಡೆಯನ್ನು ಕರಿದಳು, ಎಲ್ಲರಂತೆ ಮಾತಾಡಿದಳು.

ಈಗ ನನ್ನ ಸೊಸೆ ನನ್ನ ಮಗನನ್ನು ಹೆಸರು ಹಿಡಿದೇ ಕೂಗುತ್ತಾಳೆ. ಅವನು ಗುಂಡುಕಲ್ಲಿನ ಹಾಗಿದ್ದಾನೆ. ಆ ಭಯ ಹೋದದ್ದು ಒಳ್ಳೆಯದೇ ಆಯಿತು, ಆದರೆ ಅಜ್ಜಿಯ ಮಾತುಗಳೂ ಅದರ ಹಿಂದೆಯೇ ಹೊರಟುಹೋದವು. ಒಮ್ಮೊಮ್ಮೆ ಒಲೆಯ ಮುಂದೆ ನಿಂತು “ಒಗ್ಗರಣೆ ಸೊಪ್ಪು ತಗೊಂಬಾಮ್ಮ” ಎಂದುಬಿಡುತ್ತೇನೆ. “ಯಾವ ಸೊಪ್ಪು ಅತ್ತೆ?” ಎನ್ನುತ್ತಾಳೆ ಸೊಸೆ. ಕರಿಬೇವು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನೇ ಹೋಗಿ ಕಿತ್ತುಕೊಂಡು ಬರುತ್ತೇನೆ.