ನಾನು ತೋರಿಸಬೇಕಿದ್ದ ಮನೆ

ಅಜ್ಜಿಯನ್ನು ಒಪ್ಪಿಸಿದವಳು ನಾನೇ. ಹಾಗಾಗಿ ಆ ದಿನ ನೆನಪಾದಾಗ ಬೇರೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಅದೇ ನನಗೆ ದೊಡ್ಡ ಸಿಟ್ಟು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಉಡುಪಿಯಲ್ಲಿ ಕಾಲೇಜು ಹುಡುಗಿಯರಿಗೆ ಇತಿಹಾಸ ಪಾಠ ಮಾಡಿಕೊಂಡು ಬನ್ನಂಜೆಯಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಇದ್ದೆ. ಕಾರ್ಕಳದ ಕಡೆ ಊರವರೇ ಸೇರಿ ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯೊಂದಕ್ಕೆ ಹೆರಿಗೆ ಕೋಣೆ ಕಟ್ಟಿಸಬೇಕಿತ್ತು. ಅದಕ್ಕೆ ಹಣ ಕೂಡಿಸಲು ಉಡುಪಿ, ಮಣಿಪಾಲದ ಕೆಲವು ಹೆಂಗಸರು ಸಮಿತಿ ಮಾಡಿಕೊಂಡಿದ್ದೆವು. ನಾಟಕ ಆಡಿಸೋಣ ಎಂದರು ಕೆಲವರು, ಲಾಟರಿ ಎಂದರು ಕೆಲವರು. ಹಳೆಯ ಮನೆಗಳನ್ನು ತೋರಿಸೋಣ, ಟಿಕೆಟ್ ಇಡೋಣ ಎಂದು ಎದ್ದು ನಿಂತು ಹೇಳಿದವಳು ನಾನು. ಮಣಿಪಾಲದಿಂದ ಒಂದು ಬಸ್ಸು ಹೊರಡುವುದು. ಕಾಪುವಿನಲ್ಲಿ ಬ್ಯಾರಿ ವ್ಯಾಪಾರಿಯೊಬ್ಬರ ಮಾಳಿಗೆ ಮನೆ ನೋಡುವುದು. ಮಧ್ಯಾಹ್ನ ಕಾರ್ಕಳದ ಹತ್ತಿರ ನಮ್ಮ ಗುತ್ತಿನ ಮನೆಗೆ ಬಂದು ಅಲ್ಲೇ ಊಟ ಮಾಡುವುದು. ಮನೆಯ ಚರಿತ್ರೆಯನ್ನು ನಾನೇ ವಿವರಿಸುತ್ತೇನೆ ಎಂದೂ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮದು ಊರಿನ ಹಳೆಯ ಜಮೀನ್ದಾರಿ ಮನೆ, ದೊಡ್ಡದು. ಗದ್ದೆಗಳೆಲ್ಲ ಗೇಣಿದಾರರ ಹೆಸರಿಗೆ ಹೋದ ಮೇಲೆ ಉಳಿದದ್ದು ಮನೆಯೊಂದೇ. ಚಾವಡಿಯಲ್ಲಿ ಕೆತ್ತಿದ ಹಲಸಿನ ಕಂಬಗಳು, ಮಧ್ಯದಲ್ಲಿ ಯಾರೂ ಕೂರದ ದೈವದ ಉಯ್ಯಾಲೆ. ಅಮ್ಮ ಅಪ್ಪನ ಜೊತೆ ಮುಂಬಯಿಯಲ್ಲಿದ್ದಳು. ಊರಿನ ಮನೆಯಲ್ಲಿ ಅಜ್ಜಿ ಮತ್ತು ಅಮ್ಮನ ಅಣ್ಣ, ಅಂದರೆ ನನ್ನ ಮಾವ, ಅವರ ಸಂಸಾರ.

ಟಿಕೆಟ್ ಕೊಟ್ಟು ಮನೆ ನೋಡುತ್ತಾರೆ ಎಂದಾಗ ಅಜ್ಜಿ ನಗಾಡಿದರು. ಹೆರಿಗೆ ಕೋಣೆಗೆ ಎಂದ ಮೇಲೆ ನಗು ನಿಲ್ಲಿಸಿದರು. ಅವರ ಎರಡು ಕೂಸುಗಳು ಹೆರಿಗೆಯಲ್ಲೇ ಹೋಗಿದ್ದವು.

"ಬರಲಿ, ಊಟ ನಾನು ಹಾಕ್ತೇನೆ," ಎಂದರು. "ಆದರೆ ಹೊರಗಾದವರು ಯಾರೂ ಚಾವಡಿಗೆ ಹತ್ತಬಾರದು. ಅಲ್ಲಿ ದೈವ ಉಂಟು. ಅದನ್ನು ನೀನೇ ನೋಡಿಕೊಳ್ಳಬೇಕು."

ಆಯಿತು ಅಜ್ಜಿ ಎಂದೆ. ಬಸ್ಸು ತುಂಬ ಕುಳಿತ ಹೆಂಗಸರ ಮುಂದೆ ನಿಂತು, ನಿಮ್ಮಲ್ಲಿ ಯಾರು ಮುಟ್ಟಾಗಿದ್ದೀರಿ ಎಂದು ಕೇಳುವುದೇ? ನಾನು ಯಾರನ್ನೂ ಕೇಳುವವಳಲ್ಲ ಎಂದು ಆಗಲೇ ನಿಶ್ಚಯ ಮಾಡಿಕೊಂಡಿದ್ದೆ.

ಹಿಂದಿನ ದಿನವೇ ಊರಿಗೆ ಹೋದೆ. ಕಂಬ ಒರೆಸಿದೆ, ಉಪ್ಪರಿಗೆ ಗುಡಿಸಿದೆ, ಮಟ್ಟುವಿನಿಂದ ತರಿಸಿದ ಗುಳ್ಳ ಬದನೆಯನ್ನು ಅಡುಗೆಯವರಿಗೆ ಕೊಟ್ಟೆ, ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದೆ. ಬೆಳಿಗ್ಗೆ ಬಚ್ಚಲಿಗೆ ಹೋದಾಗ ಗೊತ್ತಾಯಿತು, ನಾನೇ ಹೊರಗಾಗಿದ್ದೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿಯುತ್ತಿತ್ತು? ಬನ್ನಂಜೆಯ ಕೋಣೆಯಲ್ಲಿ ನಾನು ಇದನ್ನೆಲ್ಲ ಪಾಲಿಸಿದವಳೇ ಅಲ್ಲ; ಆ ದಿನಗಳಲ್ಲೂ ಅನ್ನ ಬೇಯಿಸಿ ತಿಂದು, ಪಾಠ ಮಾಡಿ ಬರುತ್ತಿದ್ದೆ. ಆದರೆ ಊರಿನ ಮನೆಗೆ ಬಂದರೆ ನನ್ನ ಓದು ಧೈರ್ಯ ಎಲ್ಲವೂ ಅಂಗಳದಲ್ಲಿ ಚಪ್ಪಲಿಯ ಜೊತೆ ಉಳಿದುಬಿಡುತ್ತಿತ್ತು. ಒದ್ದೆ ಕೂದಲಲ್ಲೇ ಅಡುಗೆಮನೆಯ ಬಾಗಿಲಿನ ಹೊರಗೆ ನಿಂತು ಅಜ್ಜಿಗೆ ಹೇಳಿದೆ. ಅಜ್ಜಿ ಬಯ್ಯಲಿಲ್ಲ. "ಇವತ್ತೇ ಆಗಬೇಕಿತ್ತಾ ಮಗಾ," ಎಂದು ಹಿಂದಿನ ಜಗಲಿಯ ತುದಿಯ ಕೋಣೆಯ ಕಡೆ ಕೈ ತೋರಿಸಿದರು. ಚಾಪೆ, ಬಟ್ಟಲು, ಲೋಟ ಅಲ್ಲೇ ಇದ್ದವು. ಮಾವನನ್ನು ಕರೆದು, ಬಂದವರಿಗೆ ಮನೆ ನೀನೇ ತೋರಿಸು ಎಂದರು.

ಬಸ್ಸು ಬಂತು. ನಾನು ಕತ್ತಲೆ ಕೋಣೆಯಲ್ಲಿ ಮೈಯೆಲ್ಲ ಕಿವಿಯಾಗಿ ಕುಳಿತಿದ್ದೆ. ಸಮಿತಿಯವರು ನನ್ನನ್ನು ಕೇಳಿದ್ದು ಕೇಳಿಸಿತು. "ಅವಳಿಗೆ ಸ್ವಲ್ಪ ಜ್ವರ ಮಾರಾಯ್ರೆ, ಮಲಗಿದ್ದಾಳೆ," ಎಂದರು ಮಾವ. ಸುಳ್ಳೇ ಆದರೂ ಜೀವ ಬಂದ ಹಾಗಾಯಿತು.

ಮಾವ ನನಗಿಂತ ಚೆನ್ನಾಗಿ ಮಾತಾಡಿದರು, ಅದನ್ನು ಒಪ್ಪಬೇಕು. ಕಂಬದ ಕತೆ, ಉಯ್ಯಾಲೆಯ ಕತೆ ಎಲ್ಲ ಹೇಳಿದರು. ಆಮೇಲೆ ದನಿ ಎತ್ತರಿಸಿ, "ನಮ್ಮದು ಅಳಿಯಸಂತಾನ. ಈ ಮನೆ ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಇಲ್ಲಿ ಹೆಂಗಸರದ್ದೇ ಯಜಮಾನಿಕೆ," ಎಂದರು. ಬಂದವರು ಆಹಾ ಎಂದರು. ಆ ಮೊಮ್ಮಗಳು ನಾನು. ಮೊಣಕಾಲು ತಬ್ಬಿಕೊಂಡು ಚಾಪೆಯ ಮೇಲಿದ್ದೆ.

ಅವರು ಹಿಂದಿನ ಜಗಲಿಗೂ ಬರುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಯಾರೋ, "ಈ ಸಣ್ಣ ಕೋಣೆ ಎಂತದ್ದು?" ಎಂದು ಕೇಳಿದರು.

"ಅದಾ? ಹಿಂದಿನ ಕಾಲದಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಅಲ್ಲಿ ಕೂರ್ತಿದ್ದರು," ಎಂದರು ಮಾವ. "ಈಗ ಅದೆಲ್ಲ ಯಾರು ಮಾಡ್ತಾರೆ!"

ಇತಿಹಾಸದ ಟೀಚರು ನಾನು, ಹಿಂದಿನ ಕಾಲದೊಳಗೆ ಉಸಿರು ಬಿಗಿಹಿಡಿದು ಕೂತಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಮಿತಿಯ ಒಬ್ಬರು ಇಣುಕಿ, "ಅಯ್ಯೋ, ನೀವು ಇಲ್ಲಿ ಮಲಗಿದ್ದೀರಾ!" ಎಂದುಬಿಟ್ಟರು.

ಗುಂಪಿನಲ್ಲಿ ಆ ಆಸ್ಪತ್ರೆಯ ಲೇಡಿ ಡಾಕ್ಟರೂ ಇದ್ದರು. ಜ್ವರ ಎಂದು ಕೇಳಿದ್ದವರು ನೇರ ಒಳಗೆ ಬಂದು, ಸೀರೆ ಮಣ್ಣಾಗುವುದನ್ನೂ ನೋಡದೆ ಚಾಪೆಯ ಮೇಲೆ ಕೂತು ನನ್ನ ಹಣೆಯ ಮೇಲೆ ಕೈ ಇಟ್ಟರು. ತಣ್ಣಗಿನ ಕೈ. ಆ ಚಾಪೆಯಲ್ಲಿ ಕೂತ ನನ್ನನ್ನು ಅದಕ್ಕೆ ಮೊದಲು ಯಾರೂ ಮುಟ್ಟಿರಲಿಲ್ಲ. ಬೇಡ ಎನ್ನಬೇಕಿತ್ತು, ಹಣೆ ಕೊಟ್ಟು ಕೂತೆ.

"ಜ್ವರ ಇಲ್ಲವಲ್ಲ," ಎಂದರು ಡಾಕ್ಟರು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ. ಅಜ್ಜಿಯದು ತುಳು, ಕನ್ನಡವನ್ನು ಅವರು ಹೊರಗಿನವರಿಗೆಂದು ಜೋಪಾನವಾಗಿ ತೆಗೆದಿಡುತ್ತಿದ್ದರು. ಆ ಜೋಪಾನದ ಕನ್ನಡದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಡಾಕ್ಟ್ರಮ್ಮ, ಬೇಸರ ಮಾಡಬೇಡಿ. ಅವಳು ಹೊರಗೆ ಕೂತಿದ್ದಾಳೆ. ನೀವು ಮುಟ್ಟಿದಿರಲ್ಲ, ಇನ್ನು ಮಿಂದೇ ಒಳಗೆ ಬರಬೇಕು. ಬಿಸಿನೀರು ಉಂಟು. ಸೀರೆ ನಾನು ಕೊಡ್ತೇನೆ."

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಮಾವ ಮಾಡಿನ ಹಂಚು ನೋಡತೊಡಗಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ಹೇಳುವುದನ್ನು ಕೇಳಿದ್ದೆ. ಅದು ಎಂಥ ಆಸೆ ಎಂದು ಅವತ್ತು ಗೊತ್ತಾಯಿತು. ಅಜ್ಜಿಯ ಬಗ್ಗೆ ನಾಚಿಕೆಯಾಯಿತು. ಆ ಅಜ್ಜಿಯ ಬಗ್ಗೆ, ಮೂರು ದಿನದಿಂದ ಇವರಿಗಾಗಿ ಅಕ್ಕಿ ಆರಿಸಿ ತೆಂಗಿನಕಾಯಿ ಸುಲಿಸಿದ ಅಜ್ಜಿಯ ಬಗ್ಗೆ ನಾಚಿಕೆಪಟ್ಟೆನಲ್ಲ ಎಂದು ಮತ್ತೆ ನಾಚಿಕೆಯಾಯಿತು. ಸಮಿತಿಯಲ್ಲಿ ಎದ್ದು ನಿಂತು ಮಾತಾಡುತ್ತಿದ್ದ ಆ ಹೆಂಗಸು ಇವಳೇ ಎಂದು ಎಲ್ಲರ ಕಣ್ಣೂ ಹೇಳುತ್ತಿತ್ತು.

ಡಾಕ್ಟರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. "ಆಯ್ತು ಅಜ್ಜಿ. ಬಚ್ಚಲು ಎಲ್ಲಿ?" ಎಂದು ಎದ್ದರು.

ಅವರು ಮಿಂದು ಬರುವವರೆಗೆ ಬಸ್ಸಿನವರೆಲ್ಲ ಹಸಿದುಕೊಂಡು ಕಾದರು. ಡಾಕ್ಟರಿಲ್ಲದೆ ಎಲೆ ಹಾಕುವುದಿಲ್ಲ ಎಂದು ಅಜ್ಜಿ ಪಟ್ಟು ಹಿಡಿದಿದ್ದರು. ಅವರು ಅಜ್ಜಿಯ ಗಂಜಿ ಹಾಕಿದ ಕೆಂಪು ಅಂಚಿನ ಸೀರೆಯುಟ್ಟು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರ ಕ್ಯಾಮರಾ ಕ್ಲಿಕ್ ಎಂದಿತು. ಅಜ್ಜಿ ಡಾಕ್ಟರನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಡಿಸಿದರು. ಹೆರಿಗೆಯಲ್ಲಿ ಹೋದ ಎರಡು ಮಕ್ಕಳ ಕತೆಯನ್ನು, ನನಗೆ ಯಾವತ್ತೂ ಬಿಡಿಸಿ ಹೇಳದ ಕತೆಯನ್ನು, ಅವರಿಗೆ ಹೇಳುತ್ತಿದ್ದರು. ಗೋಡೆಯ ಈಚೆಗೆ ಅರ್ಧಂಬರ್ಧ ಕೇಳಿಸಿತು. ನನ್ನ ಊಟವನ್ನು ಹೊಸ್ತಿಲ ಮೇಲೆ ಇಟ್ಟು ಹೋಗಿದ್ದರು. ಗುಳ್ಳದ ಸಾಂಬಾರು ಚೆನ್ನಾಗಿತ್ತಂತೆ. ನನಗೆ ರುಚಿ ತಿಳಿಯಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ಡಾಕ್ಟರು ಹಗ್ಗದ ಮೇಲಿದ್ದ ತಮ್ಮ ಒದ್ದೆ ಸೀರೆ ತೆಗೆದುಕೊಳ್ಳಲು ಹಿಂದಕ್ಕೆ ಬಂದರು. ನಾನು ಎದ್ದು ಬಾಗಿಲ ಹತ್ತಿರ ಹೋದೆ. ಕ್ಷಮಿಸಿ ಎನ್ನಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಇನ್ನೊಮ್ಮೆ ಹತ್ತಿರ ಬರಲಿ ಎಂದಿತ್ತು.

ಅವರು ಜಗಲಿಯ ಕೆಳಗೇ ನಿಂತರು.

"ಹೊಟ್ಟೆನೋವು ಉಂಟಾ?" ಎಂದರು ಮೆಲ್ಲಗೆ.

ಹೌದು ಎಂದೆ. ಅವರು ಕೈಚೀಲ ಬಿಚ್ಚಿ ಮಾತ್ರೆಯ ಪೊಟ್ಟಣ ತೆಗೆದರು. ಅದನ್ನು ನನ್ನ ಕಡೆ ಚಾಚಿದವರು, ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡರು. ಮುಂದೆ ಬಂದು ಬಗ್ಗಿ ಹೊಸ್ತಿಲ ಮೇಲೆ ಇಟ್ಟು, ಅಜ್ಜಿ ಬಟ್ಟಲಿಟ್ಟು ಸರಿಯುವ ಹಾಗೆಯೇ ಹಿಂದಕ್ಕೆ ಸರಿದರು. ಅಸಹ್ಯದಿಂದ ಅಲ್ಲ, ಮರ್ಯಾದೆಯಿಂದ. ಕೇಳದೆ ಹಣೆ ಮುಟ್ಟಿದ ಕೈಗೆ ನಮ್ಮ ಮನೆ ಒಂದು ಊಟದ ಹೊತ್ತಿನಲ್ಲಿ ಇಷ್ಟು ಕಲಿಸಿತ್ತು.

ಕೈಗೇ ಕೊಡಿ ಡಾಕ್ಟ್ರೇ ಎಂದು ಹೇಳಬಹುದಿತ್ತು. ನಾನು ಅವರು ಪೂರ್ತಿ ಹಿಂದೆ ಸರಿಯುವವರೆಗೆ ಕಾದು, ಬಗ್ಗಿ ಪೊಟ್ಟಣ ತೆಗೆದುಕೊಂಡೆ.