ರಜಾಯಿ ಹೊದ್ದ ಫ್ರಿಜ್ಜು

ಕಳೆದ ವಾರ ನಾನು ಒಂದು ಫ್ರಿಜ್ಜಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ನಗಬೇಡಿ. ಓರಗಿತ್ತಿಯ ಬಳೆ ನೋಡಿ, ಪಕ್ಕದ ಮನೆಯವರ ರೇಡಿಯೋ ನೋಡಿ ಹೊಟ್ಟೆ ಉರಿಸಿಕೊಂಡವರು ನಿಮ್ಮಲ್ಲೂ ಇದ್ದಾರೆ. ನನ್ನದು ಸ್ವಲ್ಪ ಸೈಂಟಿಫಿಕ್ ಹೊಟ್ಟೆಕಿಚ್ಚು, ಅಷ್ಟೇ. ಆ ಫ್ರಿಜ್ಜು ನಮ್ಮ ಡಿಪಾರ್ಟ್‌ಮೆಂಟಿನ ಲ್ಯಾಬಿನಲ್ಲಿ, ನನ್ನ ಫ್ರಿಜ್ಜಿನ ಪಕ್ಕದಲ್ಲೇ ನಿಂತಿದೆ. ಅದೇ ಕಂಪನಿ, ಅದೇ ವಯಸ್ಸು, ಬುಡದಲ್ಲಿ ಅದೇ ತುಕ್ಕು. ವ್ಯತ್ಯಾಸ ಒಂದೇ. ಅದು ವತ್ಸಲೆಯದು.

ಮೊದಲು ಇಲ್ಲಿಯ ಕರೆಂಟಿನ ಸುದ್ದಿ ಹೇಳಿಬಿಡುತ್ತೇನೆ. ಕಾಶಿಯಲ್ಲಿ ಈಗ ಹೊರಗೆ ತಲೆ ಹಾಕುವ ಹಾಗಿಲ್ಲ. ಮಧ್ಯಾಹ್ನವಾದರೆ ಲೂ ಎನ್ನುವ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಕ್ಯಾಂಪಸ್ಸಿನ ಕರೆಂಟು ಹೋಗುತ್ತದೆ. ಕೇಳಿದರೆ ಕಲ್ಲಿದ್ದಲು ಬಂದಿಲ್ಲ ಅನ್ನುತ್ತಾರೆ. ಕಲ್ಲಿದ್ದಲು ಬಂದ ದಿನ ಲೈನಿನಲ್ಲಿ ಫಾಲ್ಟು ಅನ್ನುತ್ತಾರೆ. ಜನರೇಟರ್ ಇರುವುದು ಆಸ್ಪತ್ರೆಗೆ ಮಾತ್ರ. (ನ್ಯಾಯವೇ. ಆದರೂ ಅತ್ತ ಫ್ಯಾನು ತಿರುಗುವುದು ಕಂಡಾಗ ಸಣ್ಣದೊಂದು ಜ್ವರವಾದರೂ ಬರಬಾರದೇ ಅನ್ನಿಸುತ್ತದೆ.)

ಮನೆಯಲ್ಲಾದರೆ ಬೀಸಣಿಗೆ ಹಿಡಿದು ಕೂತರಾಯಿತು. ಲ್ಯಾಬಿನಲ್ಲಿ? ನಾವು ಜೀವರಸಾಯನದವರು. ನಮ್ಮ ತಿಂಗಳುಗಟ್ಟಲೆ ದುಡಿಮೆ ಬೆರಳುದ್ದದ ಗಾಜಿನ ನಳಿಗೆಗಳಲ್ಲಿ ಫ್ರಿಜ್ಜಿನೊಳಗೆ ಮಲಗಿರುತ್ತದೆ. ಬಿಸಿ ತಾಗಿತೋ, ಒಡೆದ ಹಾಲಿನ ಕಥೆ. ಚೆಲ್ಲಿ ಮೊದಲಿಂದ ಶುರುಮಾಡಬೇಕು.

ಅದಕ್ಕೇ ಮೂರು ವರ್ಷದ ಹಿಂದೆ ನಾನೇ ಮುಂದೆ ನಿಂತು ಒಂದು ವ್ಯವಸ್ಥೆ ಮಾಡಿದೆ. ಕೆಂಪು ಶಾಯಿಯಲ್ಲಿ ನಿಯಮಗಳನ್ನು ಬರೆದು ಫ್ರಿಜ್ಜುಗಳ ಮೇಲಿನ ಗೋಡೆಗೆ ಅಂಟಿಸಿದೆ. ಕರೆಂಟು ಹೋದೊಡನೆ ಚಪರಾಸಿ ರಾಮಧನಿ ರಿಕ್ಷಾದಲ್ಲಿ ಹೋಗಿ ಗೋಣಿಯಲ್ಲಿ ಸುತ್ತಿದ ಐಸಿನ ಗಡ್ಡೆ ತರಬೇಕು. ಮೋಂಬತ್ತಿ, ಬೆಂಕಿಪೊಟ್ಟಣ ಮೇಲಿನ ಡ್ರಾಯರಿನಲ್ಲೇ ಇರಬೇಕು. ಕೊನೆಗೆ ಹೋಗುವವರು ಬಾಗಿಲುಗಳನ್ನು ಒತ್ತಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲನೆಯ ನಿಯಮ. ಒಮ್ಮೆ ಐಸು ಇಟ್ಟ ಮೇಲೆ, ಕರೆಂಟು ಬರುವವರೆಗೆ ಯಾರೂ ಫ್ರಿಜ್ಜಿನ ಬಾಗಿಲು ತೆಗೆಯಕೂಡದು. ತೆಗೆದಷ್ಟು ಸಲ ಒಳಗಿನ ತಂಪು ಹೊರಗೆ.

ನಮ್ಮ ಪ್ರೊಫೆಸರ್ ಸಾಹೇಬರು ಅದನ್ನು ಓದಿ ಮೂಲೆಯಲ್ಲಿ ಪುಟ್ಟ ಸಹಿ ಹಾಕಿದರು. ಚೆನ್ನಾಗಿದೆ ಅನ್ನಲಿಲ್ಲ. ಒಂಬತ್ತು ವರ್ಷದಿಂದ ಇಲ್ಲಿ ಪಾಠ ಮಾಡುತ್ತಿದ್ದೇನೆ. ಆ ಬಾಯಿಂದ ಚೆನ್ನಾಗಿದೆ ಎಂಬ ಮಾತು ನಾನು ಕೇಳಿದ್ದೇ ಇಲ್ಲ.

ಆಮೇಲೆ ವತ್ಸಲಾ ಬಂದಳು. ಗದಗಿನ ಹುಡುಗಿ. ಕೇದಾರಘಾಟಿನ ಹತ್ತಿರ ಅವಳ ಸೋದರಮಾವ ನಮ್ಮ ಕಡೆಯ ಯಾತ್ರಿಕರಿಗೆ ಪೌರೋಹಿತ್ಯ ಮಾಡುತ್ತಾರೆ. ಅವರ ಮನೆಯಲ್ಲಿದ್ದುಕೊಂಡು ಇಲ್ಲಿ ರಿಸರ್ಚ್ ಮಾಡುತ್ತಾಳೆ. ಮೊಳಕೆ ಬಂದ ಹೆಸರುಕಾಳಿನಿಂದ ಅದೇನೋ ಎಂಜೈಮ್ ತೆಗೆಯುತ್ತಾಳೆ. ನಮ್ಮ ನಿಮ್ಮ ಮನೆಯಲ್ಲಿ ಕೋಸಂಬರಿ ಆಗುವ ವಸ್ತು ಅವಳ ಕೈಯಲ್ಲಿ ಥೀಸಿಸ್ ಆಗುತ್ತಿದೆ.

ಡಿಪಾರ್ಟ್‌ಮೆಂಟಿನಲ್ಲಿ ಕನ್ನಡ ಮಾತಾಡಲು ಒಂದು ಜೀವ ಸಿಕ್ಕಿತಲ್ಲ ಅಂತ ಮೊದಲು ಖುಷಿಯೇ ಆಯಿತು. ಎಷ್ಟು ದಿನ? ಆರು ತಿಂಗಳು. ಅಷ್ಟರಲ್ಲಿ ಕ್ಯಾಂಪಸ್ಸಿನ ಗೇಟಿನೆದುರಿನ ಲಂಕಾ ಬಜಾರಿನ ಪುಸ್ತಕದಂಗಡಿಯವನು ನನ್ನನ್ನು ಕಂಡರೆ "ವತ್ಸಲಾಜೀ ಹೇಗಿದ್ದಾರೆ?" ಅಂತ ಕೇಳತೊಡಗಿದ. ನಾನು ಹತ್ತು ಸಲ ಕರೆದರೂ ಬಾರದ ಎಲೆಕ್ಟ್ರಿಶಿಯನ್ ಅವಳಿಗಾಗಿ ಊಟ ಬಿಟ್ಟು ಬಂದ. ನನ್ನನ್ನು ಇಂದಿಗೂ ಮಿಸೆಸ್ ರಾವ್ ಎನ್ನುವ ಪ್ರೊಫೆಸರ್ ಸಾಹೇಬರು ಅವಳನ್ನು ಬೇಟಿ ಅಂದರು. ಬೇಟಿ! ನನಗೇನು ಅವರ ಮಗಳಾಗುವ ಆಸೆಯಿಲ್ಲ. ಆದರೂ ಒಂದು ವಾರ ನನಗೆ ಊಟ ಸೇರಲಿಲ್ಲ.

ಮನೆಯಲ್ಲಿ ಇದನ್ನು ಹೇಳಿಕೊಂಡರೆ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನಿನ್ನ ಹೊಟ್ಟೆಕಿಚ್ಚಿಗೆ ಒಂದು ವೈರು ಜೋಡಿಸಿದರೆ ಇಡೀ ಕ್ಯಾಂಪಸ್ಸಿಗೆ ಕರೆಂಟು ಕೊಡಬಹುದು ಕಣೇ" ಅಂದರು. ಇಂಥವರ ಹತ್ತಿರ ಏನು ಹೇಳಿಕೊಳ್ಳುವುದು?

ಹೋದ ತಿಂಗಳು ಅವಳು ಮಾವನ ಮನೆ ಹತ್ತಿರದ ಸೋನಾರ್‌ಪುರದ ಬಜಾರಿನಿಂದ ಒಂದು ಹಳೇ ರಜಾಯಿ ತಂದಳು. ಚಳಿಗಾಲದಲ್ಲಿ ಹೊದೆಯುವ, ಹತ್ತಿ ತುಂಬಿದ ದಪ್ಪ ರಜಾಯಿ. ಕರೆಂಟು ಹೋದಾಗ ಫ್ರಿಜ್ಜಿಗೆ ಅದನ್ನು ಹೊದಿಸಿ ಹಗ್ಗ ಬಿಗಿದಳು. ಹೊರಗಿನ ಬಿಸಿ ಒಳಗೆ ಹೋಗುವುದಿಲ್ಲವಂತೆ. ಸಾಹೇಬರು ಪಕ್ಕದ ಡಿಪಾರ್ಟ್‌ಮೆಂಟಿನವರನ್ನೆಲ್ಲ ಕರೆದು ತೋರಿಸಿದರು. "ಇದು ಕಾಮನ್‌ಸೆನ್ಸ್!" ಅಂದರು. ನನ್ನ ಕೆಂಪು ಶಾಯಿಯ ನಿಯಮಗಳು ಅದೇ ಗೋಡೆಯ ಮೇಲಿದ್ದವು. ಒಬ್ಬರೂ ಅತ್ತ ಕಣ್ಣು ಹಾಯಿಸಲಿಲ್ಲ.

ಇಷ್ಟು ಪೀಠಿಕೆ. ಈಗ ಕಳೆದ ವಾರಕ್ಕೆ ಬರೋಣ.

ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ರಾಮಧನಿ ಐಸು ತಂದ. ಗಡ್ಡೆ ಒಡೆದು ಅವಳಿಗರ್ಧ, ನನಗರ್ಧ ಇಟ್ಟೆವು. ವತ್ಸಲಾ ರಜಾಯಿ ಹೊದಿಸಿ, ಗಂಟು ಬಿಗಿದು ನನ್ನ ಹತ್ತಿರ ಬಂದಳು.

"ಅಕ್ಕಾರ, ಮಾಮಾನ ಮನೀಗೆ ಊರ ಕಡಿಂದ ಮಂದಿ ಬಂದಾರ್ರಿ. ಮಾಮಿ ಒಬ್ಬಾಕಿಗೇ ಅಡಿಗಿ ಆಗೂದಿಲ್ಲ. ನಾ ಇವತ್ತ ಹೋದರ ನಾಳೆನ ಬರೂದು. ನನ್ನ ಫ್ರಿಜ್ ಒಂಚೂರು ನೋಡ್ಕೋತೀರೇನ್ರಿ?"

"ನೋಡ್ಕೋತೀನಿ, ಹೋಗಮ್ಮ" ಅಂದೆ.

ನೋಡಿದೆ. ಐದು ಸಲ ನೋಡಿದೆ.

ಏಕೆಂದು ಕೇಳುತ್ತೀರಾ? ಆ ರಜಾಯಿಯಿಂದ ನಿಜವಾಗಿ ಪ್ರಯೋಜನ ಇದೆಯೋ ಇಲ್ಲವೋ ತಿಳಿಯಬೇಕಿತ್ತು. ಇಲ್ಲ ಅಂತ ತಿಳಿಯಬೇಕಿತ್ತು. ಒಳಗೆ ಒಂದು ಥರ್ಮಾಮೀಟರ್ ಇದೆ. ನನ್ನ ಫ್ರಿಜ್ಜು ಎಷ್ಟು ಹೊತ್ತಿಗೆ ಎಷ್ಟು ಬಿಸಿಯಾಗುತ್ತದೆ ಎನ್ನುವುದು ಅನುಭವದಿಂದ ನನಗೆ ಬಾಯಿಪಾಠ. ಹನ್ನೆರಡಕ್ಕೆ ಗಂಟು ಸಡಿಲಿಸಿ ಅವಳದನ್ನು ತೆಗೆದು ನೋಡಿದೆ. ನನ್ನದಕ್ಕಿಂತ ತಂಪಾಗಿತ್ತು. ಒಂದಕ್ಕೆ ನೋಡಿದೆ. ಆಗಲೂ ತಂಪು. ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಎರಡಕ್ಕೆ, ಮೂರಕ್ಕೆ ಮತ್ತೆ ನೋಡಿದೆ. ಪಾದರಸ ಸ್ವಲ್ಪ ಏರಿತ್ತು. ನೋಡಿ, ಈ ಹೆಂಗಸಿಗೆ ಎಷ್ಟು ಸಂತೋಷವಾಯಿತು ಅಂದರೆ, ಅದು ಏರಿದ್ದೇ ನಾನು ಬಾಗಿಲು ತೆಗೆದದ್ದರಿಂದ ಎನ್ನುವುದೂ ತಲೆಗೆ ಹೋಗಲಿಲ್ಲ. ಮೊದಲನೆಯ ನಿಯಮ ಬರೆದವಳು ನಾನೇ. ನನ್ನ ಸ್ವಂತ ಫ್ರಿಜ್ಜಿನ ಬಾಗಿಲನ್ನು ಐಸು ಇಟ್ಟ ಮೇಲೆ ಒಂದು ಸಲವೂ ಮುಟ್ಟಲಿಲ್ಲ.

ನಾಲ್ಕಕ್ಕೆ ಐದನೆಯ ಸಲ ನೋಡುತ್ತಿದ್ದಾಗ ಕಾರಿಡಾರಿನಲ್ಲಿ ಸಾಹೇಬರ ಚಪ್ಪಲಿ ಸದ್ದು ಕೇಳಿತು. ಗಾಬರಿಯಲ್ಲಿ ಬಾಗಿಲು ತಳ್ಳಿ, ರಜಾಯಿ ಎಳೆದು, ಹಗ್ಗ ಸುತ್ತಿದೆ. ಆ ಹಳೇ ಫ್ರಿಜ್ಜಿನ ಹಿಡಿಯನ್ನು ಒಂದಿಷ್ಟು ಮೇಲಕ್ಕೆತ್ತಿ ಒತ್ತಿದರೆ ಮಾತ್ರ ಬಾಗಿಲು ಕಚ್ಚಿಕೊಳ್ಳುತ್ತದೆ. ನಾನು ಎತ್ತಲಿಲ್ಲ. ಟಕ್ ಅನ್ನುವ ಸದ್ದು ಬರಲಿಲ್ಲ ಎನ್ನುವುದು ಈಗಲೂ ನನ್ನ ಕಿವಿಯಲ್ಲಿದೆ. ಸಾಹೇಬರು ಇಣುಕಿ, "ಎಲ್ಲ ಸರಿಯಿದೆಯಾ?" ಅಂದರು. "ಸರಿಯಿದೆ ಸರ್" ಅಂದೆ.

ಐದಕ್ಕೆ ಕರೆಂಟು ಬಂತು. ರಜಾಯಿ ನೆಟ್ಟಗೆ ಕೂತಿತ್ತು. ಒಳಗೆ ಬಾಗಿಲು ಬೆರಳಷ್ಟು ತೆರೆದಿರುವುದು ಹೊರಗಿನಿಂದ ಯಾರಿಗೆ ಕಾಣಬೇಕು? ಕೊನೆಗೆ ಹೊರಟವಳು ನಾನೇ. ಒತ್ತಿ ನೋಡಬೇಕಿತ್ತು. ಒತ್ತಿದರೆ ಅವಳದಿನ್ನೂ ಎಷ್ಟು ತಂಪಾಗಿದೆಯೋ ಎಂಬ ಯೋಚನೆ ಮತ್ತೆ ಶುರುವಾಗುತ್ತದೆ ಅಂತ ಒತ್ತದೆ ಹೋದೆ.

ಬೆಳಿಗ್ಗೆ ಬರುವಷ್ಟರಲ್ಲಿ ನೆಲದ ಮೇಲೆ ನೀರು. ವತ್ಸಲಾ ಒದ್ದೆ ರಜಾಯಿ ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ನಳಿಗೆಗಳೆಲ್ಲ ಬೆಚ್ಚಗಾಗಿದ್ದವು. ನಾಲ್ಕು ತಿಂಗಳ ಕೆಲಸ. ದಸರೆಗೆ ಅವಳ ಫೆಲೋಶಿಪ್ ಮುಗಿಯುತ್ತದೆ. ಅಷ್ಟರೊಳಗೆ ಇನ್ನೊಮ್ಮೆ ಮಾಡಿ ಮುಗಿಸದಿದ್ದರೆ ಥೀಸಿಸ್ ಇಲ್ಲದೆ ಗದಗಿಗೆ ವಾಪಸ್ಸು.

"ನಂದ ತಪ್ಪ ಅಕ್ಕಾರ" ಅಂದಳು. "ಅವಸರದಾಗ ಬಾಗಲಾ ಸರಿ ಹಾಕಿಲ್ಲ ಕಾಣಸ್ತದ. ನೀವು ಪಾಪ, ಇಂಥಾ ಬಿಸಲಾಗ ನಂದೂ ಕಾಯ್ಕೊಂತ ಕೂತ್ರಿ."

ನಾನು ಬಟ್ಟೆ ತಂದು ನೆಲದ ನೀರು ಒರೆಸತೊಡಗಿದೆ.

ಸಾಹೇಬರು ಬಂದರು. ರಜಾಯಿ ನೋಡಿ ಮುಖ ಗಂಟಿಕ್ಕಿದರು. ಇಂಥ ಆಟ ಇನ್ನು ಬೇಡ ಅಂದರು. ಆಮೇಲೆ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಎಲ್ಲರೆದುರು ನನ್ನ ಕೆಂಪು ಶಾಯಿಯ ಹಾಳೆಗೆ ಬೆರಳು ತೋರಿಸಿದರು. "ಮಿಸೆಸ್ ರಾವ್ ಅವರ ಫ್ರಿಜ್ಜು ನೋಡಿ. ಒಂದು ನಳಿಗೆಯೂ ಕೆಟ್ಟಿಲ್ಲ. ಸಿಸ್ಟಮ್ ಅಂದರೆ ಇದು. ಬಹುತ್ ಅಚ್ಛಾ."

ಕೇಳಿಸಿತೇ? ಬಹುತ್ ಅಚ್ಛಾ ಅಂದರು. ಇಷ್ಟು ವರ್ಷ ಕಾದದ್ದು ಸಿಕ್ಕಿತು. ಹೇಗಿತ್ತು ಅಂತೀರಾ? ಬಾಯಿಗೆ ಹಾಕಿಕೊಂಡದ್ದನ್ನು ಉಗುಳಲೂ ಆಗದೆ ನುಂಗಲೂ ಆಗದೆ ನಿಂತಿದ್ದೆ.

ಆರು ದಿನವಾಯಿತು. ಹೇಳಬೇಕೆಂದು ದಿನವೂ ಹೋಗುತ್ತೇನೆ, ಹವಾಮಾನದ ಮಾತಾಡಿ ವಾಪಸು ಬರುತ್ತೇನೆ. ನಿನ್ನೆ ಅವಳು ಹೊಸದಾಗಿ ಹೆಸರುಕಾಳು ನೆನೆಹಾಕುತ್ತ, "ಅಕ್ಕಾರ, ನಿಮ್ಮಂಗ ಶಿಸ್ತಿಲೆ ಕೆಲಸಾ ಮಾಡೂದು ನನಗೂ ಒಂಚೂರು ಕಲಿಸ್ರಿ" ಅಂದಳು. ವ್ಯಂಗ್ಯವೇ ಇರಬೇಕು ಅಂತ ಅವಳ ಮುಖವನ್ನೇ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎದುರು ನಿಂತು ಹೇಳಲಾರದ್ದನ್ನು ಇಲ್ಲಿ ಬರೆದಿದ್ದೇನೆ. ಹೇಡಿಯ ಕೆಲಸ, ಗೊತ್ತು. ಈ ಪತ್ರಿಕೆ ಅವಳ ಮಾವನ ಮನೆಗೂ ಅಂಚೆಯಲ್ಲಿ ಬರುತ್ತದೆ. ಅವಳು ಓದುತ್ತಾಳೆ. ಪ್ರೊಫೆಸರ್ ಸಾಹೇಬರಿಗೆ ಕನ್ನಡ ಬಾರದು. ಅವರಿಗೆ ಇದನ್ನು ಹಿಂದಿಯಲ್ಲಿ ಓದಿ ಹೇಳುವ ಪೂರ್ತಿ ಹಕ್ಕು ಅವಳಿಗಿದೆ. ಹೇಳಲಿ.

ಆದರೆ ನಾನು ಬಲ್ಲೆ, ಅವಳು ಹೇಳುವುದಿಲ್ಲ. ಪೇಪರನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಎಂದಿನಂತೆ ಅಕ್ಕಾರ ಅನ್ನುತ್ತ ಬಂದುಬಿಡುತ್ತಾಳೆ.

ಅಷ್ಟೊಂದು ಒಳ್ಳೆಯವಳಾಗಿರು ಅಂತ ಆ ಹುಡುಗಿಗೆ ಹೇಳಿದವರಾದರೂ ಯಾರು?